ಕೋರ್ಟಿನಂಗಳದಲ್ಲಿ ಉಳಿದ ಮಾತು

ಈರಗೌಡ ವಕೀಲರು ಸಾಕ್ಷಿಯ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಕಟಕಟೆಯಲ್ಲಿ ನಿಂತವನು ಮನೆದೇವರ ಆಣೆ ಹಾಕಲಿ, ಕಣ್ಣಲ್ಲಿ ನೀರು ತರಲಿ, ಇವರ ದೃಷ್ಟಿ ಮಾತ್ರ ಕಟಕಟೆಯ ಕಟ್ಟಿಗೆ ಹಿಡಿದ ಅವನ ಬೆರಳುಗಳ ಮೇಲೆಯೇ ಇರುತ್ತಿತ್ತು. "ಮುಖಕ್ಕ ಅವರ ವಕೀಲ ಪಾಠಾ ಹೇಳಿ ಕಳಿಸಿರ್ತಾನ ತಂಗಿ. ಕೈಗೆ ಪಾಠಾ ಹೇಳೂದು ಯಾರಿಗೂ ನೆನಪಿರೂದಿಲ್ಲ" ಎಂದು ನನಗೆ ಹೇಳುತ್ತಿದ್ದರು.

ನಾನು ರಾಯಬಾಗದವಳು. ಬೆಳಗಾವಿಯಲ್ಲಿ ಕಾನೂನು ಓದಿ, ಚಿಕ್ಕೋಡಿಯಲ್ಲಿ ಅವರ ಆಫೀಸಿಗೆ ಕೆಲಸ ಕಲಿಯಲು ಹೋದೆ. ಹೆಣ್ಣು ಜೂನಿಯರ್ ಎಂದು ಬಾರ್ ರೂಮಿನಲ್ಲಿ ನಾಲ್ಕು ಮಂದಿ ಮೂಗು ಮುರಿದಾಗ ಅವರು, "ಕರೀ ಕೋಟ ಹಾಕ್ಕೊಂಡ ಮ್ಯಾಲ ಗಂಡಸಿಗೂ ಅಷ್ಟ ಬೆವರ, ಹೆಂಗಸಿಗೂ ಅಷ್ಟ ಬೆವರ. ಬರ್ಲಿ ಬಿಡ್ರಿ" ಎಂದರಂತೆ. ಅದೇ ನನ್ನ ಸಂದರ್ಶನ, ಅದೇ ನೇಮಕಾತಿ. ಸಂಬಳದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮ ವೃತ್ತಿಯಲ್ಲಿ ಜೂನಿಯರುಗಳು ಗಾಳಿ ಕುಡಿದು ಬದುಕುತ್ತಾರೆಂದು ಎಲ್ಲರೂ ನಂಬಿದ್ದಾರೆ.

ಈರಗೌಡರು ಶಿರಗುಪ್ಪಿಯ ಕಬ್ಬು ಬೆಳೆಯುವ ಮನೆತನದವರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕೋಟು ಹಾಕಿದರೂ ಹೊಲದಿಂದ ಈಗಷ್ಟೇ ಬಂದವರ ಹಾಗೆ ಕಾಣುತ್ತಿದ್ದರು. ಕೋಟಿನ ಕಿಸೆಯಲ್ಲಿ ಕಾಗವಾಡದ ಒಣದ್ರಾಕ್ಷಿ ಸದಾ ಇರಬೇಕು. ಫೈಲು ಓದುತ್ತ ಒಂದೊಂದೇ ಬಾಯಿಗೆ ಹಾಕಿಕೊಂಡು, ಅದೇ ಕೈಯಿಂದ ಹಾಳೆ ತಿರುವುತ್ತಿದ್ದರು. ಮರುದಿನ ಅಂಟಿಕೊಂಡ ಹಾಳೆಗಳನ್ನು ಬಿಡಿಸುವ ಕೆಲಸ ನನ್ನದು. ಕಾನೂನು ಕಲಿತದ್ದಕ್ಕಿಂತ ಮೊದಲು ನಾನು ಅದನ್ನು ಕಲಿತೆ. ಬೈಯುವುದಾದರೆ ಮರಾಠಿಯಲ್ಲಿ ಬೈಯುತ್ತಿದ್ದರು, ಸಮಾಧಾನ ಹೇಳುವುದಾದರೆ ಕನ್ನಡದಲ್ಲಿ. ಎರಡೂ ಭಾಷೆ ಬಲ್ಲ ಪಕ್ಷಕಾರರು ಬಾಗಿಲಲ್ಲೇ ನಿಂತು, ಒಳಗೆ ಯಾವ ಭಾಷೆ ನಡೆದಿದೆ ಎಂದು ಕಿವಿಗೊಟ್ಟು ಕೇಳಿ ಆಮೇಲೆ ಕಾಲಿಡುತ್ತಿದ್ದರು.

ಹೊಲದ ತಕರಾರು, ಅಣ್ಣತಮ್ಮಂದಿರ ಆಸ್ತಿ ಪಾಲಿನ ವಾಟ್ನಿ, ವ್ಯಾಪಾರದ ಮಾತು ಮುರಿದದ್ದು, ಇಂಥವೇ ಅವರ ದಾವೆಗಳು. ಕೊಲೆ ಖಟ್ಲೆ ಮುಟ್ಟುತ್ತಿರಲಿಲ್ಲ. "ಕೊಲೀ ಕೇಸಿನ್ಯಾಗ ಸತ್ತಾಂವ ಒಬ್ಬನ. ವಾಟ್ನಿ ಕೇಸಿನ್ಯಾಗ ಮನಿತುಂಬ ಮಂದಿ ಜೀವಂತ ಇರ್ತಾರ. ಅದು ಕಠಿಣ" ಎನ್ನುತ್ತಿದ್ದರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಪಕ್ಷಕಾರರು ಅವರೆದುರಿಗೇ ಹೇಳಿ ನಿಟ್ಟುಸಿರು ಬಿಟ್ಟರೆ, "ಅದರಾಗ ವಕೀಲನ ಹೆಸರ ಇಲ್ಲ ನೋಡ್ರಿ, ಅದಕ್ಕ ನಾ ಅರಾಮ ಅದೇನಿ" ಎಂದು ನಗುತ್ತಿದ್ದರು. ಆ ಅರಾಮ ಮುಂದೆ ಉಳಿಯಲಿಲ್ಲ.

ಅವರ ಪಾಟೀಸವಾಲು ನೋಡಲು ಬೇರೆ ಕೆಲಸ ಬಿಟ್ಟು ಬಂದು ಕೂಡುವ ವಕೀಲರಿದ್ದರು. ನಾನು ಕಂಡ ಮೊದಲನೆಯದು ಅಥಣಿ ಕಡೆಯ ಒಂದು ಹೊಲದ ದಾವೆ. ಎದುರಿನವನು, ಈ ಹೊಲದಲ್ಲಿ ಹುಟ್ಟಿದಾಗಿನಿಂದ ನಾನೇ ಕಬ್ಬು ಬೆಳೆಯುತ್ತೇನೆ, ಆಳು ಹಚ್ಚುವುದಿಲ್ಲ, ಎಲ್ಲ ನನ್ನ ಕೈಯಿಂದಲೇ ಎಂದು ಎದೆ ತಟ್ಟಿ ಹೇಳುತ್ತಿದ್ದ. ಇವರು ಎದ್ದು ನಿಂತು, ಮದುವೆಮನೆಯಲ್ಲಿ ಯೋಗಕ್ಷೇಮ ಕೇಳುವವರ ಹಾಗೆ ಕೇಳಿದರು:

"ಈ ವರ್ಷದ ಕಬ್ಬಿನ ರವದಿ ಯಾರ ಸುಲದಾರ?"

"ನಾನ ಸುಲದೇನ್ರಿ. ಮೊನ್ನೆ ಮುಗೀತು."

"ಬೇಶ್ ಆತು. ತೋಳ ಒಂದಿಷ್ಟ ಮ್ಯಾಲ ಏರಸ್ರಿ, ಸಾಹೇಬರು ನೋಡ್ಲಿ."

ಅವನು ಏನೋ ದೊಡ್ಡ ಮರ್ಯಾದೆ ಸಿಕ್ಕಿತೆಂದು ಅಂಗಿಯ ತೋಳು ಏರಿಸಿದ. ಮೊಣಕೈತನಕ ಬೆಣ್ಣೆಯಂಥ ಚರ್ಮ. ಕಬ್ಬಿನ ಒಣಗಿದ ಎಲೆ ಸುಲಿದವರ ಕೈ ಹೇಗೆ ಗೀರಿರುತ್ತದೆಂದು ನಮ್ಮ ಭಾಗದಲ್ಲಿ ಕೂಸಿಗೂ ಗೊತ್ತು. ಜಡ್ಜರಿಗೂ ಗೊತ್ತಿತ್ತು. "ರವದಿ ಯಾರನ್ನೂ ಬಿಡೂದಿಲ್ಲ ಸಾಹೇಬ್ರ, ಇವರನ್ನ ಹೆಂಗ ಬಿಟ್ಟಿತೋ" ಎಂದು ಇವರು ಕೂತುಬಿಟ್ಟರು. ಆ ಹೊತ್ತಿಗೆ ನನಗೆ ಇವರಿಗಿಂತ ದೊಡ್ಡ ಮನುಷ್ಯ ಜಗತ್ತಿನಲ್ಲಿಲ್ಲ ಎನಿಸಿತ್ತು. ಮನೆಗೆ ಹೋಗಿ ಅವ್ವನೆದುರು ನಟನೆ ಮಾಡಿ ತೋರಿಸಿದೆ.

ಅವರ ಬದುಕು ತಿರುಗಿದ್ದು ನಿಪ್ಪಾಣಿಯ ಒಂದು ತಂಬಾಕಿನ ದಾವೆಯಿಂದ. ಗೆದ್ದ ದಾವೆಯಿಂದ, ಅದನ್ನೂ ಹೇಳಬೇಕು.

ತಂಬಾಕಿನ ವ್ಯಾಪಾರದಲ್ಲಿ ಹಳೆಯ ಕಾಲದಿಂದ ಬಂದ ಒಂದು ಪದ್ಧತಿಯಿದೆ. ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದಲ್ಲ, ಅದಕ್ಕೆ ದಲಾಲ ತನ್ನ ಹೆಗಲ ಟವೆಲ್ಲು ತೆಗೆದು ರೈತನ ಕೈ ತನ್ನ ಕೈ ಎರಡರ ಮೇಲೂ ಹೊದಿಸುತ್ತಾನೆ. ಒಳಗೆ ರೈತ ದಲಾಲನ ಬೆರಳುಗಳನ್ನು ಒತ್ತಿ ಹಿಡಿದು ತನ್ನ ದರ ತಿಳಿಸುತ್ತಾನೆ. ಎಷ್ಟು ಬೆರಳು ಹಿಡಿದನೋ ಅಷ್ಟು. ಮುಂದೆ ದಲಾಲ ವ್ಯಾಪಾರಿಯ ಹತ್ತಿರ ಹೋಗಿ ಅದೇ ರೀತಿ ಟವೆಲ್ಲಿನ ಕೆಳಗೆ ಮಾತು ಮುಗಿಸುತ್ತಾನೆ. ಕಾಗದವಿಲ್ಲ, ಸಹಿಯಿಲ್ಲ. ಇಡೀ ವ್ಯಾಪಾರ ನಿಂತಿರುವುದು ನಡುವಿನ ಮನುಷ್ಯನ ಕೈಯ ಮೇಲೆ.

ಅಲ್ಲಿ ಧೋಂಡಿಬಾ ಎಂಬ ಹಿರಿಯ ದಲಾಲರಿದ್ದರು. ಅವರ ಕೈ ಎಂದರೆ ಪೇಟೆಗೆಲ್ಲ ಬರೆದ ಕರಾರುಪತ್ರ. ಒಂದು ಸುಗ್ಗಿಯಲ್ಲಿ, ತಾನು ಐದು ಬೆರಳು ಹಿಡಿದೆ ಎಂದು ಒಬ್ಬ ರೈತ, ಇಲ್ಲ ನಾಲ್ಕೇ ಹಿಡಿದ ಎಂದು ಧೋಂಡಿಬಾ. ಮಾಲು ಅದಾಗಲೇ ವ್ಯಾಪಾರಿಯ ವಖಾರಿ ಸೇರಿತ್ತು. ವ್ಯಾಪಾರಿ ನಾಲ್ಕರ ಲೆಕ್ಕದಲ್ಲಿ ಕೊಟ್ಟ. ರೈತ ವ್ಯಾಪಾರಿಯ ಮೇಲೆ ದಾವೆ ಹೂಡಿದ, ನಮ್ಮ ಆಫೀಸಿಗೆ ಬಂದ. ವ್ಯಾಪಾರಿಯ ಪರವಾಗಿ ಇದ್ದ ಒಬ್ಬನೇ ಸಾಕ್ಷಿ ಧೋಂಡಿಬಾ. ಅವರು ನಾಲ್ಕು ಎಂದರೆ ನಾಲ್ಕು. ನಮ್ಮ ರೈತನ ಒಂದು ವರ್ಷದ ದುಡಿಮೆ ಮುಳುಗಿದಂತೆ.

ಸಾಕ್ಷಿಯ ದಿನ ನಾವು ಕೋರ್ಟಿನ ಅಂಗಳದಲ್ಲಿ ಚಹಾ ಕುಡಿಯುತ್ತ ನಿಂತಿದ್ದೆವು. ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ಧೋಂಡಿಬಾ ಕುಕ್ಕರಗಾಲಿನಲ್ಲಿ ಕೂತು, ಹಳೆಯ ಮಂದಿ ಸೇದುವ ಹಾಗೆ ಮುಷ್ಟಿ ಕಟ್ಟಿ, ಕಿರುಬೆರಳಿನ ಸಂದಿಯಲ್ಲಿ ಬೀಡಿ ಇಟ್ಟುಕೊಂಡು ಸೇದುತ್ತಿದ್ದರು. ಯಾರೋ ಮಾತಿಗೆ ಸಿಕ್ಕರು. ಬೀಡಿ ಬಾಯಿಗೆ ಹೋಗುವುದು ನಿಂತಿತು. ಈರಗೌಡರು ಚಹಾದ ಗ್ಲಾಸು ಹಿಡಿದವರು ಹಿಡಿದಂತೆಯೇ ಅತ್ತ ನೋಡುತ್ತಿದ್ದರು. ನಾನೂ ನೋಡಿದೆ, ನನಗೇನೂ ಕಾಣಲಿಲ್ಲ.

"ಏನ್ರಿ ಸರ್?"

"ಏನಿಲ್ಲ. ಬಾ, ನಮ್ಮದು ಕೂಗತಾರ."

ಒಳಗೆ ಧೋಂಡಿಬಾ ಟೊಪ್ಪಿಗೆ ಸರಿ ಮಾಡಿಕೊಂಡು ನಿಂತರು. ತಮ್ಮ ವಕೀಲರ ಪ್ರಶ್ನೆಗಳಿಗೆಲ್ಲ ಸ್ಪಷ್ಟವಾಗಿ ಉತ್ತರ ಕೊಟ್ಟರು. ಸುಳ್ಳು ಹೇಳುವವರ ಧ್ವನಿ ಅದಲ್ಲ. ನಮ್ಮವರು ಎದ್ದು, ಅವರ ಟವೆಲ್ಲಿನಿಂದಲೇ ಆ ಪದ್ಧತಿಯನ್ನು ಇಲ್ಲಿ ತೋರಿಸಲು ಅಪ್ಪಣೆಯಾಗಬೇಕು ಎಂದು ಜಡ್ಜರನ್ನು ಕೇಳಿದರು. ಎದುರಿನ ವಕೀಲರು ಇದೇನು ದನದ ಸಂತೆಯೇ ಎಂದು ಎಗರಾಡಿದರು. ಜಡ್ಜರು ದಕ್ಷಿಣದ ಕಡೆಯವರು, ಈ ಪದ್ಧತಿ ಕೇಳಿದ್ದರೇ ಹೊರತು ನೋಡಿರಲಿಲ್ಲ. ತೋರಿಸಿ ಎಂದರು.

ಟವೆಲ್ಲು ಹೊದಿಸಿಕೊಂಡ ಎರಡು ಕೈಗಳನ್ನು ನೋಡಲು ಇಡೀ ಕೋರ್ಟು ಮುಂದಕ್ಕೆ ಬಾಗಿತು. ನಮ್ಮವರು ಒಳಗೆ ಏನೋ ಹಿಡಿದರು.

"ಎಷ್ಟ್ರಿ ದಲಾಲ್ರ?"

"ಎರಡ."

"ಬರೋಬ್ಬರಿ. ಈಗ?"

"ನಾಕ."

ನಮ್ಮವರು ಟವೆಲ್ಲು ಸರಿಸಿದರು. ಐದೂ ಬೆರಳು ಅವರ ಹಿಡಿತದಲ್ಲಿದ್ದವು. ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಧೋಂಡಿಬಾ ಕೂಡ ನಕ್ಕರು, ಏನೋ ಕೈಚಳಕ ನಡೆಯಿತೆಂದು. "ಇನ್ನೊಮ್ಮೆ ಹಿಡೀರಿ ಸಾಹೇಬ" ಎಂದು ತಾವೇ ಟವೆಲ್ಲು ಹೊದಿಸಿದರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಮ್ಮವರು ಸುಮ್ಮನೆ ನಿಂತಿದ್ದರು.

"ಹಿಡೀರಲಾ ಸಾಹೇಬ" ಎಂದರು ಧೋಂಡಿಬಾ.

"ಹಿಡದೇನಿ, ದಲಾಲ್ರ."

ಟವೆಲ್ಲು ಸರಿಸಿದಾಗ ಧೋಂಡಿಬಾರ ಕಿರುಬೆರಳು ಈರಗೌಡರ ಮುಷ್ಟಿಯಲ್ಲಿತ್ತು. ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಆ ಬೆರಳಿನ ಸಂದಿಯಲ್ಲಿ ಬೀಡಿ ಸುಟ್ಟ ಹಸಿ ಗಾಯವೂ ಎಲ್ಲರಿಗೂ ಕಂಡಿತು. ಯಾರೂ ನಗಲಿಲ್ಲ. ಧೋಂಡಿಬಾ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಸಕ್ಕರೆ ಕಾಯಿಲೆ ಆ ಬೆರಳಿನ ಜೀವ ತಿಂದು ಎಷ್ಟು ಕಾಲವಾಗಿತ್ತೋ.

ನಮ್ಮ ರೈತ ಗೆದ್ದ. ಅವನು ಐದೇ ಹಿಡಿದಿದ್ದ, ಅದು ನ್ಯಾಯವೇ. ಪೇಢೆ ತಂದು ಆಫೀಸಿಗೆಲ್ಲ ಹಂಚಿದ. ನಾನು ಎರಡು ತಿಂದೆ. ಈರಗೌಡರು ತಿನ್ನಲಿಲ್ಲ. ಸಾಕ್ಷಿ ಮುಗಿದ ದಿನ ವರಾಂಡದಲ್ಲಿ ಧೋಂಡಿಬಾ ಅವರನ್ನು ನಿಲ್ಲಿಸಿ ಒಂದು ಮಾತು ಹೇಳಿದ್ದರು, ನಾನು ಪಕ್ಕದಲ್ಲೇ ಇದ್ದೆ: "ಬೆರಳ ಜಡ ಆಗ್ಯಾವು ಅಂತ ಗೊತ್ತಿತ್ತ್ರಿ ಸಾಹೇಬ. ತಪ್ಪ ಹೇಳತಾವು ಅಂತ ಗೊತ್ತಿದ್ದಿಲ್ಲ." ಸಿಟ್ಟಿನಿಂದ ಹೇಳಿದ ಮಾತಲ್ಲ. ಸಿಟ್ಟಿದ್ದರೆ ಇವರು ತಡೆದುಕೊಳ್ಳುತ್ತಿದ್ದರು.

ಅಂದಿನಿಂದ ನಿಪ್ಪಾಣಿ ಪೇಟೆಯಲ್ಲಿ ಧೋಂಡಿಬಾರ ಟವೆಲ್ಲಿನ ಕೆಳಗೆ ಯಾರೂ ಕೈ ಇಡಲಿಲ್ಲ. ಹಿಂದಿನ ವರ್ಷಗಳ ವ್ಯಾಪಾರವನ್ನೂ ಜನ ಕೆದಕಿ, ನನಗೂ ಕಡಿಮೆ ಬಂದಿತ್ತೇನೋ ಎಂದು ಮಾತಾಡಿಕೊಂಡರು. ಈ ಸುದ್ದಿ ಕೇಳಿದ ಮೇಲೆ ಒಂದು ದಿನ ಈರಗೌಡರು ನನ್ನನ್ನೂ ಕರೆದುಕೊಂಡು ಪೇಟೆಗೆ ಹೋದರು. ವ್ಯಾಪಾರಿಗಳೆಲ್ಲ ಕೂಡುವ ಅಂಗಡಿಯ ಗಾದಿಯ ಮೇಲೆ ಕೂತು, ಯಾವ ಕೋರ್ಟಿನಲ್ಲೂ ಮಾಡದಂಥ ವಾದ ಮಾಡಿದರು. ಧೋಂಡಿಬಾ ಒಂದು ಸುಳ್ಳನ್ನೂ ಹೇಳಿಲ್ಲ, ಕೆಟ್ಟದ್ದು ಒಂದು ಬೆರಳು, ಮನುಷ್ಯನಲ್ಲ. ಟವೆಲ್ಲು ಬಿಟ್ಟು ಬಾಯಿಮಾತಿನಲ್ಲಿ, ಬೇಕಾದರೆ ಚೀಟಿ ಬರೆದು ಅವರಿಂದಲೇ ವ್ಯಾಪಾರ ಮಾಡಿಸಿರಿ ಎಂದು ಕೈಮುಗಿದರು. ಎಲ್ಲರೂ ತಲೆದೂಗಿದರು. ಚಹಾ ತರಿಸಿದರು. ಒಬ್ಬ ಹಿರಿಯ ವ್ಯಾಪಾರಿ ಕೊನೆಗೆ ಬಹಳ ಮರ್ಯಾದೆಯಿಂದ ಹೇಳಿದ: "ಮನಷಾ ಸಾಚಾ ಅದಾನ್ರಿ ಗೌಡ್ರ, ಅದರಾಗ ಎರಡ ಮಾತಿಲ್ಲ. ಖರೇ, ಚೀಟಿ ಬರಿಯೂದಾದ್ರ ದಲಾಲ ಯಾಕ ಬೇಕು?"

ಐದು ತಾಲೂಕಿನಲ್ಲಿ ಯಾರಿಗೂ ಮಣಿಯದ ವಕೀಲರು ಗಾದಿಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಗಾಡಿಯಲ್ಲಿ ಬರುವಾಗ ಒಂದು ಒಣದ್ರಾಕ್ಷಿಯನ್ನೂ ಬಾಯಿಗೆ ಹಾಕಲಿಲ್ಲ. ಚಿಕ್ಕೋಡಿ ಹತ್ತಿರ ಬಂದಾಗ ಮಾತ್ರ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಬೀಡಿ ಸುಡೂದು ನಾ ಅಂಗಳದಾಗನ ನೋಡಿದ್ನಿ ತಂಗಿ. ಅಲ್ಲೇ ಹೋಗಿ, ಕಾಕಾ, ನಿಮ್ಮ ಬೆರಳ ನೋಡ್ಕೋರಿ ಅಂದಿದ್ರ ಆಗ್ತಿತ್ತು. ಅವರ ವಕೀಲನ್ನ ಕರದು ರಾಜೀ ಮಾಡಸಬಹುದಿತ್ತು. ರೈತಗೂ ಬರ್ತಿತ್ತು, ಇವರದೂ ಉಳೀತಿತ್ತು. ಆದರ ನನಗ ಕಟಕಟಿ ಬೇಕಾಗಿತ್ತು" ಎಂದರು.

ಆಮೇಲೆ ಅವರು ಬದಲಾದ ರೀತಿಯನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಎದುರಿನ ಸಾಕ್ಷಿಯಲ್ಲಿ ಎಲ್ಲಿಯಾದರೂ ಒಂದು ಹುಳುಕು ಕಂಡರೆ, ಸಾಕ್ಷಿ ಶುರುವಾಗುವ ಮೊದಲು ಎದುರಿನ ವಕೀಲರನ್ನು ಬೇವಿನ ಮರದ ಕೆಳಗೆ ಕರೆದು, "ನಿಮ್ಮ ಮನಷಾ ಇಲ್ಲಿ ಸಿಕ್ಕ ಬೀಳ್ತಾನ, ಅವನ ಮರ್ಯಾದಿ ಹೋಗೂದು ಬ್ಯಾಡ, ರಾಜೀ ಮಾಡ್ಕೊಳ್ರಿ" ಎಂದುಬಿಡುತ್ತಿದ್ದರು. ಕೆಲವರು ರಾಜಿಯಾದರು. ಕೆಲವರು ಸರಿ ಸರಿ ಎಂದು ಕೈಕುಲುಕಿ ಹೋಗಿ, ಆ ಹುಳುಕನ್ನು ಮುಚ್ಚಿಕೊಂಡು ಬಂದು ನಮ್ಮನ್ನೇ ಸೋಲಿಸಿದರು. ಕಾಗವಾಡದ ಒಬ್ಬ ದ್ರಾಕ್ಷಿ ಬೆಳೆಗಾರ ಹಾಗೆ ಸೋತ. ತೂಕದಲ್ಲಿ ಅವನಿಗೆ ಮೋಸವಾದದ್ದು ನಿಜ, ಅದನ್ನು ತೆಗೆದು ತೋರಿಸುವ ಪ್ರಶ್ನೆ ನಮ್ಮ ಕೈಯಲ್ಲಿತ್ತು, ಇವರು ಅದನ್ನು ಮರದ ಕೆಳಗೆ ಬಿಟ್ಟು ಬಂದರು. ನಾನು ಅಂದು ಆಫೀಸಿನಲ್ಲಿ ಕೂಗಾಡಿದೆ.

"ಆ ಬೆಳೆಗಾರ ಏನ ಪಾಪಾ ಮಾಡಿದ್ದ ಸರ್? ನಿಮ್ಮ ಪ್ರಾಯಶ್ಚಿತ್ತಕ್ಕ ಅವನ್ಯಾಕ ದಂಡಾ ಕಟ್ಟಬೇಕು?"

"ಖರೇ ಐತಿ" ಎಂದರು. ಬೈಯಲಿಲ್ಲ, ಮರಾಠಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ. "ನೀ ಹೇಳೂದು ಖರೇ ಐತಿ. ಆದರ ನನಗ ಅಲ್ಲಿ ಎದ್ದ ನಿಂತ್ರ ಪ್ರಶ್ನಿ ಹೊರಗ ಬರವಲ್ದು."

ಈರಗೌಡರು ನಮ್ಮ ಗುಟ್ಟನ್ನು ಎದುರಿನವರಿಗೆ ಹೇಳುತ್ತಾರೆ ಎಂದು ಸುದ್ದಿ ಹಬ್ಬಿತು. ಪಕ್ಷಕಾರರು ಒಬ್ಬೊಬ್ಬರೇ ಬಂದು, ಕೆಮ್ಮುತ್ತ ಸಂಕೋಚಪಡುತ್ತ ಫೈಲು ತೆಗೆದುಕೊಂಡು ಹೋದರು. ಬಾಗಿಲಲ್ಲಿ ನಿಂತು ಕಿವಿಗೊಡುವವರು ಯಾರೂ ಉಳಿಯಲಿಲ್ಲ. ನಾನೂ ರಾಯಬಾಗದಲ್ಲಿ ಸ್ವಂತ ಆಫೀಸು ಮಾಡಿಕೊಂಡೆ. ಅವರೇ ಹೋಗು ಎಂದರು. ಆಮೇಲೆ ಅವರು ಕೋರ್ಟಿಗೆ ಬರುವುದನ್ನೇ ಬಿಟ್ಟು ಶಿರಗುಪ್ಪಿಯ ಹೊಲದಲ್ಲಿ ಇರತೊಡಗಿದರು.

ಕೊನೆಯ ಸಲ ಅವರನ್ನು ಕಂಡದ್ದು ಮಿರಜದ ಆಸ್ಪತ್ರೆಯಲ್ಲಿ. ಎದೆಗೆ ಏನೇನೋ ವೈರುಗಳು. ನಾನು ಹೊಸದಾಗಿ ಗೆದ್ದ ಒಂದು ದಾವೆಯ ಕತೆ ಹೇಳಿ ನಗಿಸಲು ನೋಡಿದೆ. ಕೇಳಿ ಮುಗಿಸಿ, "ಸೋತಾಂವ ಮನಿಗೆ ಹೆಂಗ ಹ್ವಾದ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಸುಮ್ಮನಿರಲಾರದೆ ನಾನೇ ಆ ಹೆಸರು ಎತ್ತಿದೆ.

"ಧೋಂಡಿಬಾರ ಮನೀಗೆ ಒಮ್ಮೆ ಹೋಗಿ ಬರಬಹುದಿತ್ತಲ್ರಿ ಸರ್?"

"ಹೋಗಿ ಏನಂತ ಹೇಳ್ಲಿ? ತಪ್ಪಾತು ಅಂದ್ರ ಆ ರೈತನ ನ್ಯಾಯಾನ ತಪ್ಪ ಅಂದಂಗ ಆಗ್ತೈತಿ. ತಪ್ಪಲ್ಲ ಅಂದ್ರ ಧೋಂಡಿಬಾರ ಮನ್ಯಾಗ ಕುಂತ ಚಹಾ ಕುಡಿಯೂದ ಹೆಂಗ?" ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ನನ್ನ ಮಾರಿ ನೋಡಿದ್ರ ಅವರಿಗೆ ಆ ದಿನಾನ ನೆನಪ ಆಗ್ತೈತಿ ತಂಗಿ. ಬ್ಯಾಡ."

ಅದೇ ವಾರ ಅವರು ಹೋದರು. ಚಿಕ್ಕೋಡಿ ಬಾರಿನಲ್ಲಿ ಸಂತಾಪಸಭೆ ನಡೆಯಿತು. ಎಲ್ಲರೂ ಅವರ ಪಾಟೀಸವಾಲುಗಳನ್ನು ನೆನೆದು ಹೊಗಳಿದರು. ಕಬ್ಬಿನ ರವದಿಯ ಕತೆಯನ್ನು ಮೂರು ಮಂದಿ ಹೇಳಿದರು, ಟವೆಲ್ಲಿನ ಕತೆಯನ್ನು ಎಲ್ಲರೂ ಹೇಳಿದರು. ನನಗೆ ಅಲ್ಲಿ ಕೂಡಲಾಗಲಿಲ್ಲ.

ಮುಂದೆ ಕೆಲವು ತಿಂಗಳಿಗೆ ನಿಪ್ಪಾಣಿ ಕೋರ್ಟಿನಲ್ಲಿ ನನಗೊಂದು ಕೆಲಸ ಬಿತ್ತು. ಮುಗಿಸಿಕೊಂಡು, ಕೇಳುತ್ತ ಕೇಳುತ್ತ ಧೋಂಡಿಬಾರ ಮನೆಗೆ ಹೋದೆ. ಒಳಗೆ ಅವರ ಹೆಂಡತಿ ಬೀಡಿ ಕಟ್ಟುತ್ತಿದ್ದರು. ಧೋಂಡಿಬಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಗುರುತಿಸಿ, "ಬರ್ರಿ ವಕೀಲಬಾಯಿ" ಎಂದು ಜಾಗ ಕೊಟ್ಟರು. ಈರಗೌಡರು ತೀರಿಕೊಂಡದ್ದು ಅವರಿಗೆ ತಿಳಿದಿತ್ತು. ನಾನು ಎಲ್ಲವನ್ನೂ ಹೇಳಿದೆ: ಬೀಡಿ ನೋಡಿದ್ದು, ಅಂಗಳದಲ್ಲೇ ಹೇಳಬೇಕಿತ್ತೆಂದು ಕೊರಗಿದ್ದು, ಪೇಟೆಗೆ ಬಂದು ಅವರಿಗಾಗಿ ಕೈಮುಗಿದದ್ದು, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಆಸ್ಪತ್ರೆಯ ಮಾತು.

ಧೋಂಡಿಬಾ ಆ ಕಿರುಬೆರಳನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡರು.

"ಅಂಗಳದಾಗ ಹೇಳಿದ್ರ ನಾ ಕೇಳತಿದ್ನೇನ ಬಾಯಿ? ಅವರ ಕಾಲರ ಹಿಡೀತಿದ್ದೆ. ಧೋಂಡಿಬಾನ ಕೈಯಾಗ ತಪ್ಪ ಹುಡುಕ್ತಿ ಏನ ಅಂತ ಜಗಳಾನ ತಗೀತಿದ್ದೆ. ಅಲ್ಲಿ ಎಲ್ಲಾರ ಮುಂದ ಆತಂತ ನಂಬಿದ್ನಿ. ಇಲ್ಲಂದ್ರ ಇನ್ನ ಎಷ್ಟ ರೈತರ ಹೊಟ್ಟಿ ಮ್ಯಾಲ ಹೊಡೀತಿದ್ನೋ."

ಆ ಮಾತು ನಿಜವೋ, ಇಬ್ಬರ ನಡುವೆ ಕೂತು ಇಬ್ಬರಿಗೂ ಒಪ್ಪುವ ಮಾತಾಡಿ ರೂಢಿಯಾದ ದಲಾಲನ ದೊಡ್ಡತನವೋ, ನನಗೆ ತಿಳಿಯಲಿಲ್ಲ. ಯಾವುದಾದರೂ ಆಗಲಿ, ಅದು ಮಿರಜದ ಆ ಮಂಚದವರೆಗೆ ಮುಟ್ಟಬೇಕಾಗಿದ್ದ ಮಾತು.

"ಒಂದ ಕೇಳ್ಲಿ ಬಾಯಿ?" ಎಂದರು ಅವರು. "ಸಾಹೇಬ್ರು ನಿಪ್ಪಾಣಿಗೆ ಬಂದಾಗೆಲ್ಲ ಅವರ ಗಾಡಿ ಈ ಗಲ್ಲಿ ಮುಂದ ಬರೂದು, ನಾ ಕಟ್ಟಿ ಮ್ಯಾಲ ಕಂಡ ಕೂಡ್ಲೆ ಹೊಳ್ಳಿ ಹಿಂದಿನ ರಸ್ತಾದಿಂದ ಹೋಗೂದು. ನಾ ನೋಡತಿದ್ನಿ. ನಾ ಕೋರ್ಟಿನ್ಯಾಗ ದೇವರ ಆಣಿ ಮಾಡಿ ಸುಳ್ಳ ಹೇಳೀನಂತ ಅವರಿಗೆ ನನ್ನ ಮ್ಯಾಲ ಸಿಟ್ಟ ಐತಿ ಅನಕೊಂಡಿದ್ನಿ. ಇಷ್ಟ ವರ್ಷ ಹಂಗ ಅನಕೊಂಡೇನಿ."

"ಅಯ್ಯೋ ಇಲ್ಲ ಕಾಕಾ" ಎಂದೆ. "ನೀವು ಸುಳ್ಳ ಹೇಳೀರಂತ ಅವರು ಒಂದ ದಿನಾನೂ ಅಂದಿಲ್ಲ. ನಿಮಗ ಮುಖಾ ತೋರಿಸಾಕ ಆಗದ ಹೋಗ್ಯಾರ."

ಧೋಂಡಿಬಾ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಒಳಗಿನಿಂದ ಅವರ ಹೆಂಡತಿ ಚಹಾ ತಂದಿಟ್ಟು ಹೋದರು.

"ಹಂಗಾದ್ರ ಒಂದ ಸಲ ಗಾಡಿ ನಿಂದರಸಬೇಕಾಗಿತ್ತ ಅವ್ರ" ಎಂದರು.